ನಾಲ್ಕು ಕೊನೆಗಳ ಉಪದೇಶಿ

ಉಪದೇಶಿಯ ಭಾನುವಾರದ ಪ್ರಸಂಗಕ್ಕೆ ನಾಲ್ಕು ಕೊನೆಗಳಿದ್ದವು. ಆತ ಮೊದಲ ಸಲ "ಕೊನೆಯದಾಗಿ" ಎಂದಾಗ ಟೈಲರ್ ಅಕ್ಕ ಚೀಲ ಹತ್ತಿರಕ್ಕೆಳೆದುಕೊಳ್ಳುತ್ತಿದ್ದಳು. ಎರಡನೆಯದಕ್ಕೆ ಮಕ್ಕಳು ಬಾಗಿಲತ್ತ ಜರುಗುತ್ತಿದ್ದವು. ಮೂರನೆಯದಕ್ಕೆ ವಾಚ್‌ಮನ್ ಮಾವನಿಗೆ ಎಚ್ಚರವಾಗುತ್ತಿತ್ತು. ನಾಲ್ಕನೆಯದು ಮುಗಿದು ಆಮೆನ್ ಎನ್ನುವಷ್ಟರಲ್ಲಿ ಕೋಣೆ ಖಾಲಿ. ಬೆನ್ನ ಹಿಂದೆ ತನ್ನನ್ನು "ಕೊನೆಯದಾಗಿ ಅಯ್ಯನೋರು" ಎನ್ನುತ್ತಾರೆಂಬುದು ಆತನಿಗೂ ಗೊತ್ತಿತ್ತು. ಸಭೆ ನಗುನಗುತ್ತಾ ಇರುವುದೂ ತನ್ನ ಸೇವೆಯ ಫಲವೇ ಎಂದುಕೊಂಡು ಸುಮ್ಮನಿದ್ದ.

ಟೈರ್ ಅಂಗಡಿಯ ಮೇಲಿನ ಈ ಬಾಡಿಗೆ ಕೋಣೆಗೆ ಮಿಷನ್ನು ಆತನನ್ನು ಕಳಿಸಿ ಏಳು ವರ್ಷವಾಗಿತ್ತು. ಬಂದಾಗ ಮೀಸೆ ಇನ್ನೂ ಹಿಂದೆಮುಂದೆ ನೋಡುತ್ತಿದ್ದ ವಯಸ್ಸು. ಸಭೆ ತನ್ನ ಕಾಲ ಮೇಲೆ ನಿಂತ ಕೂಡಲೇ ಉಪದೇಶಿ ಗಂಟುಮೂಟೆ ಕಟ್ಟಿ ಮುಂದಿನ ಜಾಗಕ್ಕೆ ಹೊರಡಬೇಕೆಂಬುದು ಮಿಷನ್ನಿನ ಕ್ರಮ. ನಿಂತಿತೋ ಇಲ್ಲವೋ ಎಂದು ಹೇಳಬೇಕಾದವನು ಮಾತ್ರ ಉಪದೇಶಿಯೇ. ಸಂಬಳಕ್ಕಿರುವ ನಮ್ಮಂಥವರನ್ನು ಕರೆದು "ನಿನ್ನ ಅಗತ್ಯ ಇನ್ನೂ ಇದೆಯೇನಪ್ಪಾ?" ಎಂದು ಕೇಳಿದರೆ ಇನ್ಯಾವ ಉತ್ತರ ಬಂದೀತು?

"ಇವರಿನ್ನೂ ಎಳೆಗೂಸುಗಳು ಸರ್," ಎಂದು ಪ್ರತಿ ವರ್ಷ ಮಿಷನ್ನಿನ ಹಿರಿಯ ಪಾದ್ರಿಗೆ ಫೋನಿನಲ್ಲಿ ಹೇಳುತ್ತಿದ್ದ. ಆ ಎಳೆಗೂಸುಗಳಲ್ಲಿ ಕೆಲವರಿಗೆ ಮೊಮ್ಮಕ್ಕಳಿದ್ದರು.

ಈ ಸಲ ಹಿರಿಯ ಪಾದ್ರಿ ಬಿಡಲಿಲ್ಲ. "ನದಿಯಾಚೆ ಬಡಾವಣೆಯಲ್ಲಿ ಒಬ್ಬ ನರ್ಸಮ್ಮ, ಅವಳ ತಾಯಿ, ಇಬ್ಬರೇ ಕೂತು ಪ್ರಾರ್ಥನೆ ಮಾಡ್ತಿದ್ದಾರೆ. ಯಾರಾದ್ರೂ ಬರ್ತಾರಾ ಅಂತ ಕೇಳಿ ಕೇಳಿ ಸೋತಿದ್ದಾರೆ. ಈ ತಿಂಗಳು ನೀನು ಹೋಗದಿದ್ರೆ ಆ ಜಾಗ ಕೈಬಿಡ್ತೀವಿ. ಯೋಚನೆ ಮಾಡು."

ಯೋಚನೆ ಮುಗಿಯುವ ಮೊದಲೇ ಗಂಟಲು ಕಟ್ಟಿತು. ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲಿನ ಸದ್ದು. ಹಾಡು ಹಾಡಿ ಮನೆಗೆ ಹೋಗಿ ಎಂದು ಸನ್ನೆ ಮಾಡಿ, ಅನಾಥವಾಗಲಿರುವ ಸಭೆಯನ್ನು ನೋಡಲು ಮನಸ್ಸು ಗಟ್ಟಿಮಾಡಿಕೊಂಡು ಹಿಂದಿನ ಬೆಂಚಿನಲ್ಲಿ ಕೂತ.

ಯಾರೂ ಮನೆಗೆ ಹೋಗಲಿಲ್ಲ. ವಾಚ್‌ಮನ್ ಮಾವ ಎದ್ದು, ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಸಿಕೊಂಡ ಒಂದನ್ನು ಹುಡುಕಿಹೋದ ಕುರುಬನ ಕಥೆಯನ್ನು ಬೈಬಲ್ಲಿನಿಂದ ಓದಿದ, ಅದೂ ಪೂರ್ತಿ ಎಚ್ಚರವಾಗಿದ್ದು. ಟೈಲರ್ ಅಕ್ಕ ಮುಂದೆ ಬಂದು, "ನಮ್ಮ ಮೆಕ್ಯಾನಿಕ್ ಎರಡು ವಾರದಿಂದ ಕಾಣಿಸ್ತಿಲ್ಲ. ಯಾರು ಹೋಗಿ ನೋಡ್ತೀರಿ?" ಎಂದಳು. ಇಬ್ಬರು ಕೈಯೆತ್ತಿದರು. ಆಕೆ ಕೂತಳು. ಪ್ರಸಂಗ ಮುಗಿದಿತ್ತು!

ಆಮೇಲೂ ಯಾರೂ ಏಳದೆ, ಆಸ್ಪತ್ರೆಯಲ್ಲಿ ಮಾವನ ಹೆಂಡತಿಯ ಜೊತೆಗಿರುವ ಸರದಿ ಈ ವಾರ ಯಾರದ್ದೆಂದು ಮಾತಾಡತೊಡಗಿದರು.

"ಆಸ್ಪತ್ರೆನಾ? ನಂಗ್ಯಾಕೆ ಹೇಳ್ಲಿಲ್ಲ?" ಉಪದೇಶಿ ಕೀರಲು ದನಿಯಲ್ಲಿ ಕೇಳಿದ.

ಮಾವ ತಲೆ ಕೆರೆದುಕೊಂಡ. "ಹೇಳಿದ್ರೆ ನೀವು ಪ್ರಾರ್ಥನೆ ಮಾಡೋಕೆ ಬಂದುಬಿಡ್ತೀರಿ ಅಯ್ಯನೋರೇ. ಅವಳಿಗೆ ನಿದ್ದೆ ಬೇಕು ಅಂದಿದ್ದಾರೆ ಡಾಕ್ಟ್ರು."

ಮನೆಯಲ್ಲಿ ಬಿಸಿನೀರಿನ ಲೋಟ ಮುಂದಿಡುತ್ತಾ ಉಪದೇಶಿಯ ಹೆಂಡತಿ ಗಂಡನ ಮುಖ ನೋಡಿದಳು. "ಮಕ್ಕಳು ನಡೆಯೋಕೆ ಕಲಿತ್ರೆ ಯಾರಾದ್ರೂ ಅಳ್ತಾರೇನ್ರೀ?"

"ನನ್ನ ಒಂದು ಮಾತೂ ಕೇಳದೆ ನಡೆದುಬಿಟ್ವಲ್ಲೇ."

"ಆ ಕುರುಬ ನೀವಾಗಿದ್ದಿದ್ರೆ, ತೊಂಬತ್ತೊಂಬತ್ತು ಕುರಿಗಳ ನಡುವೆ ಕೂತು ಪ್ರಸಂಗ ಮಾಡ್ತಿದ್ರಿ. ಆಚೆ ಇರೋದು ಅರಚಿ ಅರಚಿ ಸುಮ್ಮನಾಗ್ತಿತ್ತು."

ಆತ ಬಿಸಿನೀರು ಕುಡಿದು ಮುಗಿಸಿದ. ದನಿ ಬರುವವರೆಗೂ ಕಾಯದೆ, ಅದೇ ಕೀರಲಿನಲ್ಲಿ ಹಿರಿಯ ಪಾದ್ರಿಗೆ ಫೋನ್ ಮಾಡಿದ. "ಹೋಗ್ತೀನಿ ಸರ್" ಎಂಬುದು ಅವರಿಗೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು.

ಹೊರಡುವ ಭಾನುವಾರ ದನಿ ಮರಳಿತ್ತು. ಆತ ನರ್ಸಮ್ಮನ ವಿಷಯ ತಿಳಿಸಿ, ಚಿಕ್ಕದಾಗಿ ಮಾತಾಡಿ, "ಕೊನೆಯದಾಗಿ, ನೀವು ಚೆನ್ನಾಗಿದ್ದೀರಿ" ಎಂದು ಕೂತುಬಿಟ್ಟ.

ಯಾರೂ ಅಲುಗಲಿಲ್ಲ. ಅಕ್ಕನ ಚೀಲ ಇದ್ದಲ್ಲೇ ಇತ್ತು.

"ಅಯ್ಯನೋರೇ, ಇನ್ನೂ ಮೂರು ಬಾಕಿ," ಎಂದಳು ಆಕೆ.

"ಅವನ್ನ ನದಿಯಾಚೆಗೆ ತಗೊಂಡು ಹೋಗ್ತೀನಕ್ಕಾ."

"ಪಾಪ, ಆ ನರ್ಸಮ್ಮ," ಎಂದ ವಾಚ್‌ಮನ್ ಮಾವ, ಕಣ್ಣೊರೆಸಿಕೊಳ್ಳುತ್ತಾ.