ಐದನೇ ಕೋಣೆಯ ಮಾತೆಯ ಪಾದ

ಫೋಸ್ಕಾ ನೆಂಚೋನಿ ಮೂವತ್ತೊಂದು ವರ್ಷ ಒಂದೇ ಕೋಣೆಯಲ್ಲಿ ಕಾವಲು ಕೂತವಳು. ಫ್ಲಾರೆನ್ಸಿನಲ್ಲಿ ಆರ್ನೋ ನದಿಯ ಈಚೆ ದಂಡೆಯಲ್ಲಿ, ಚರ್ಮದ ಕೆಲಸದವರ ಕೇರಿಯ ನಡುವೆ ಇರುವ ಪುಟ್ಟ ಮ್ಯೂಸಿಯಂ ಅದು. ಆಚೆ ದಂಡೆಯ ದೊಡ್ಡ ಮ್ಯೂಸಿಯಂಗಳ ಮುಂದೆ ಜನ ಬೆಳಿಗ್ಗೆಯಿಂದ ಸಾಲು ಹಚ್ಚುತ್ತಾರೆ. ಇಲ್ಲಿಗೆ ಬರುವವರಲ್ಲಿ ಅರ್ಧ ಜನ ಮಳೆಗೆ ಹೆದರಿ ಒಳಗೆ ನುಗ್ಗಿದವರು, ಉಳಿದರ್ಧ ಕಕ್ಕಸು ಹುಡುಕಿಕೊಂಡು ಬಂದವರು. ಚಿತ್ರ ನೋಡಲೆಂದೇ ಬಂದವರನ್ನು ಬೆರಳಲ್ಲಿ ಎಣಿಸಬಹುದು.

ಕಾವಲಿನವರು ಬಂದವರ ಮುಖ ನೋಡುವುದಿಲ್ಲ. ಮುಖ ನೋಡುತ್ತಾ ಕೂತರೆ ಮಧ್ಯಾಹ್ನದೊಳಗೆ ತಲೆ ಗಿರ್ರೆನ್ನುತ್ತದೆ. ಅವರು ನೋಡುವುದು ಕೈಗಳನ್ನು. ಕೈ ಎದ್ದಿತೋ, ಬಾಯಿ ತಾನಾಗಿ ತೆರೆದು ‘ಮುಟ್ಟಬೇಡಿ’ ಎಂದುಬಿಡುತ್ತದೆ. ಫೋಸ್ಕಾ ಇದರಲ್ಲಿ ಎಷ್ಟು ಪಳಗಿದ್ದಳೆಂದರೆ, ಹೊಸಬರನ್ನು ಅವಳ ಪಕ್ಕ ಕೂರಿಸಿ ಕೆಲಸ ಕಲಿಸುತ್ತಿದ್ದರು.

ಅವಳ ಕೋಣೆಯಲ್ಲಿ, ಅಂದರೆ ಐದನೇ ಕೋಣೆಯಲ್ಲಿ, ಮರದ ಮೇರಿಮಾತೆಯೊಂದು ನಿಂತಿದೆ. ಅದು ಅವಳ ಕೇರಿಯ ಇಗರ್ಜಿಯದೇ. ಅರವತ್ತಾರರ ಪ್ರವಾಹದಲ್ಲಿ ನದಿ ಇಗರ್ಜಿಗೆ ನುಗ್ಗಿದಾಗ ಕೇರಿಯ ಗಂಡಸರು ಎದೆಮಟ್ಟದ ಕೆಸರಿನಲ್ಲಿ ಇಳಿದು ಮಾತೆಯನ್ನು ಎತ್ತಿ ತಂದಿದ್ದರು. ಒಂದಾರು ತಿಂಗಳು ನಮ್ಮಲ್ಲಿರಲಿ ಎಂದು ಮ್ಯೂಸಿಯಂನವರು ಒಯ್ದರು. ಆ ಆರು ತಿಂಗಳಿಗೆ ಐವತ್ತು ವರ್ಷವಾಯಿತು, ಇನ್ನೂ ಮುಗಿದಿಲ್ಲ!

ಫೋಸ್ಕಾಳ ತಾಯಿ ದೀನಾ ಕೈಗವಸು ಹೊಲಿಯುವವಳು. ಹೊಟ್ಟೆಯಲ್ಲಿ ಮೂರು ಕೂಸು ನಿಲ್ಲದೆ ಹೋದ ಮೇಲೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಮಾತೆಯ ಬಲಪಾದ ಮುಟ್ಟಿ ಬೇಡಿಕೊಂಡವಳು. ಆ ಕೇರಿಯ ಹೆಂಗಸರ ಪದ್ಧತಿಯೇ ಅದು. ಅವರ ಅಜ್ಜಿಯರೂ ಮುಟ್ಟಿ ಮುಟ್ಟಿ ಪಾದದ ಬೆರಳುಗಳೇ ಸವೆದುಹೋಗಿದ್ದವು. ನಾಲ್ಕನೆಯದಾಗಿ ಹುಟ್ಟಿ ಉಳಿದವಳು ಫೋಸ್ಕಾ. ಮಗಳಿಗೆ ಮ್ಯೂಸಿಯಂ ಕೆಲಸ ಸಿಕ್ಕಾಗ, ಮಾತೆಯೇ ನಿನ್ನನ್ನು ಹತ್ತಿರ ಕರೆಸಿಕೊಂಡಳು ಎಂದು ದೀನಾ ಕೇರಿಯೆಲ್ಲಾ ಹೇಳಿಕೊಂಡು ಬಂದಿದ್ದಳು. ತಾನು ಮಾತ್ರ ಒಳಗೆ ಕಾಲಿಡಲಿಲ್ಲ. ನಮ್ಮ ಮಾತೆಯನ್ನು ನೋಡಲು ಚೀಟಿ ಕೊಳ್ಳಬೇಕೇ ಎಂಬ ಸಿಟ್ಟು.

ಎಂಬತ್ತೆರಡು ತುಂಬಿದ ಮೇಲೆ ಸಿಟ್ಟು ಕರಗಿತು. ಸಾಯುವ ಮುಂಚೆ ಒಮ್ಮೆ ಪಾದ ಮುಟ್ಟಿ, ನೀನು ಕೊಟ್ಟ ಮಗಳು ಚೆನ್ನಾಗಿದ್ದಾಳೆ ಎಂದು ಹೇಳಿ ಬರಬೇಕು ಅನ್ನಿಸಿತು. ಮಗಳಿಗೆ ತಿಳಿಸದೆ, ತಿಂಗಳ ಮೊದಲ ಭಾನುವಾರ, ಎಲ್ಲರಿಗೂ ಪುಕ್ಕಟೆ ಬಿಡುವ ದಿನ, ಒಬ್ಬಳೇ ಕೋಲೂರಿಕೊಂಡು ಬಂದಳು. ಅಂದು ಕೋಣೆಯಲ್ಲಿ ನೂಕುನುಗ್ಗಲು. ಜನರ ನಡುವಿನಿಂದ ಮುದುಕಿಯೊಬ್ಬಳ ಕೈ ಪಾದದ ಕಡೆ ಚಾಚಿದ್ದು ಫೋಸ್ಕಾಳ ಕಣ್ಣಿಗೆ ಬಿತ್ತು.

“ಮೇಡಂ, ಮುಟ್ಟಬೇಡಿ. ಹಿಂದೆ ಸರೀರಿ,” ಅಂದಳು ಜೋರಾಗಿ.

ಕೈ ಹಿಂದೆ ಹೋಯಿತು. ಆಮೇಲೆ ಮುಖ ನೋಡಿದಳು. ತನಗೆ ತುತ್ತಿಟ್ಟು ಬೆಳೆಸಿದ ಕೈ ಅದು, ಗುರುತು ಸಿಗಲಿಲ್ಲವಲ್ಲ! ಅವಳು ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ತಾಯಿ ಜನರ ಹಿಂದೆ ಸರಿದು ಹೊರಟೇ ಹೋಗಿದ್ದಳು. ಸಂಜೆ ಮನೆಯಲ್ಲಿ ದೀನಾ ರೊಟ್ಟಿ ಹಾಕಿದ ಸಾರು ಬಡಿಸಿ, ಉಪ್ಪು ಸಾಕಾ ಎಂದಷ್ಟೇ ಕೇಳಿದಳು. ಬೈದಿದ್ದರೂ ಫೋಸ್ಕಾ ತಡೆದುಕೊಳ್ಳುತ್ತಿದ್ದಳೇನೋ.

ಮಂಗಳವಾರ ಮಾತೆಯನ್ನು ಪೆಟ್ಟಿಗೆಯಲ್ಲಿಟ್ಟು ಶುಚಿ ಮಾಡಲು ಒಯ್ದರು. ಎರಡು ವರ್ಷದ ಮೇಲೆ ಮರಳಿದಾಗ ಹೊಗೆಯ ಕಪ್ಪೆಲ್ಲ ಹೋಗಿ ಸೆರಗು ನೀಲಿಯಾಗಿತ್ತು. ಬಲಪಾದ ಇರಲಿಲ್ಲ. ಅದು ಮೂಲದ್ದಲ್ಲವಂತೆ, ಇನ್ನೂರು ವರ್ಷದ ಹಿಂದೆ ಯಾವನೋ ಬಡಗಿ ಕೆತ್ತಿ ಜೋಡಿಸಿದ್ದಂತೆ. ತಜ್ಞರು ಬಿಚ್ಚಿ ಉಗ್ರಾಣಕ್ಕೆ ಕಳಿಸಿದ್ದರು. ಅಷ್ಟರಲ್ಲಿ ದೀನಾ ಗಾಲಿಕುರ್ಚಿ ಹಿಡಿದಿದ್ದಳು. ಇನ್ನೊಂದು ಬೇಸಿಗೆ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು.

ತಾಯಿ ಒಮ್ಮೆ ಆ ಪಾದ ಮುಟ್ಟಲಿ ಎಂದು ಫೋಸ್ಕಾ ಉಗ್ರಾಣ ಕಾಯುವ ಲೊರಿಯಾನೋನ ಕೈಕಾಲು ಹಿಡಿದಳು. ಸಿಕ್ಕಿಬಿದ್ದರೆ ಇಬ್ಬರ ಕೆಲಸಕ್ಕೂ ಕುತ್ತು. ಅವನು ಗೊಣಗಿದ, ತಲೆ ಕೆರೆದುಕೊಂಡ, ಕೊನೆಗೆ ಒಪ್ಪಿದ.

“ಸೋಮವಾರ ರಜಾ ದಿನ ಕರ್ಕೊಂಡ್ ಬಾ. ನಾನು ಕಾಫಿಗೆ ಹೋಗ್ತೀನಿ. ಮುದುಕ ಆದೆ ನೋಡು, ಒಂದು ಕಾಫಿ ಕುಡಿಯಕ್ಕೆ ಅರ್ಧ ಗಂಟೆ ಬೇಕು.”

ಪ್ರವಾಹದ ನಂತರ ಆ ಊರಿನಲ್ಲಿ ಬೆಲೆಯುಳ್ಳದ್ದನ್ನು ಯಾರೂ ಕೆಳಗಿಡುವುದಿಲ್ಲ. ಉಗ್ರಾಣ ಮೂರನೇ ಮಹಡಿಯಲ್ಲಿತ್ತು. ಸೋಮವಾರ ಅಲ್ಲಿಗೆ ಹೋಗುವ ದಾರಿಯಲ್ಲಿ ಐದನೇ ಕೋಣೆಗೆ ಹೋಗಿ ಮಾತೆಯನ್ನು ತೋರಿಸಿದಾಗ ದೀನಾ ಬಹಳ ಹೊತ್ತು ನೋಡಿದಳು. ಮೇಲೆ ಉಗ್ರಾಣದಲ್ಲಿ ಫೋಸ್ಕಾ ರಟ್ಟಿನ ಡಬ್ಬಿ ತೆರೆದು, ಕಾಗದದ ಮಡಿಕೆ ಬಿಡಿಸಿ, ನಂಬರಿನ ಚೀಟಿ ಕಟ್ಟಿದ ಕರಿ ಪಾದವನ್ನು ತಾಯಿಯ ಮುಂದೆ ಹಿಡಿದಳು.

“ಇದೇ ಅಮ್ಮ, ಅದೇ ಪಾದ. ಮುಟ್ಟು. ಎಷ್ಟು ಹೊತ್ತು ಬೇಕಾದ್ರೂ ಮುಟ್ಟು.”

ದೀನಾ ಕೈ ಎತ್ತಿದಳು. ಅರ್ಧಕ್ಕೇ ನಿಲ್ಲಿಸಿದಳು.

“ಅವಳು ಕೆಳಗಿದಾಳಲ್ಲೇ. ಇಲ್ಲಿ ಮುಟ್ಟಿದ್ರೆ ಅವಳಿಗೆ ಗೊತ್ತಾಗುತ್ತಾ?”

“ಗೊತ್ತಾಗುತ್ತಮ್ಮ.”

ತಾಯಿ ಮಗಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಕಾಗದವನ್ನು ಒಂದೊಂದೇ ಮಡಿಕೆಯಾಗಿ ಪಾದದ ಮೇಲೆ ಮುಚ್ಚಿದಳು.

“ಸುಳ್ಳು ಹೇಳಕ್ಕೆ ನಿಂಗೆ ಚಿಕ್ಕೋಳಿದ್ದಾಗಿಂದ್ಲೂ ಬರಲ್ಲ ಕಣೇ. ನಡಿ, ಮನೆಗೆ ಹೋಗಣ. ಆ ಪಾಪದೋನು ಎಷ್ಟು ಕಾಫಿ ಕುಡಿದಾನು.”