ದನಗಾಹಿ ಶಾಸಕನ ಹಟ್ಟಿಗೆ ಹೋಗಿ ಬಂದದ್ದು

ಜೂನ್ ತಿಂಗಳ ಒಂದು ಶುಕ್ರವಾರ ಆಫೀಸು ಬೇಗ ಮುಗಿಸಿ ಸ್ವೀಡನ್ನಿನ ಲಿಂಕೋಪಿಂಗ್‌ನಿಂದ ಕಾರ್ಲ್‌ಸ್ಟಾಡ್‌ಗೆ ರೈಲು ಹತ್ತಿದೆ. ಅಲ್ಲಿ ಪಿಎಚ್.ಡಿ. ಮಾಡುತ್ತಿರುವ ಗೆಳತಿ ಸುನಂದಾ ನಿಲ್ದಾಣಕ್ಕೆ ಬಂದಿದ್ದಳು. ಮರುದಿನ ಬೆಳಗ್ಗೆ ಚಪಾತಿಯಲ್ಲಿ ಚಟ್ನಿಪುಡಿ ಸುತ್ತಿಕೊಂಡು ಇಬ್ಬರೂ ಹಳ್ಳಿಯ ಬಸ್ಸು ಹಿಡಿದೆವು. ಹೋಗಿ ಬಂದು ವಾರಗಳಾದರೂ ಬರೆಯಲು ಕೂತರೆ ಮೊದಲು ಕಣ್ಣಿಗೆ ಬರುವುದು ಆ ಹುಲ್ಲುಗಾವಲೇ.

ಸುನಂದಾ ಅಧ್ಯಯನ ಮಾಡುತ್ತಿರುವುದು ಯೂಹಾನ್ ಎಂಬವನ ಬದುಕನ್ನು. ಆಸ್ಟ್ರೇಲಿಯ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ ನಾವು ಹೊರಟಿದ್ದ ಹಳ್ಳಿಯಿಂದ ಹೋಗಿ ಹಡಗು ಹತ್ತಿದ ಬಡವರ ಮಗ. ಅಲ್ಲಿ ಬೇರೆಯವರ ದನ ಕಾಯ್ದ, ಆಮೇಲೆ ತನ್ನದೇ ದೊಡ್ಡ ಮಂದೆ ಕಟ್ಟಿದ, ಕೊನೆಗೆ ಅಲ್ಲಿನ ಶಾಸನಸಭೆಗೆ ಆರಿಸಿಬಂದ.

"ಹುಲ್ಲುಗಾವಲಿನ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡಿದಾನೆ ಕಣೇ. ಬಿಳಿಯರು ಹೋಗೋಕ್ ಮೊದ್ಲು ಅದು ಯಾರದಿತ್ತು ಅಂತ ಮಾತ್ರ ಎಲ್ಲೂ ಹೇಳಲ್ಲ," ಎಂದಳು ಸುನಂದಾ. ಅವಳು ಧಾರವಾಡದವಳು. ನನ್ನ ಜೊತೆ ಮಾತ್ರ ಯಾವಾಗಲೂ ಬೆಂಗಳೂರಿನ ಮಾತು.

ಬಸ್ಸಿನ ಕಿಟಕಿಯಾಚೆ ಕಾಡು, ಕೆರೆ, ಮತ್ತೆ ಕಾಡು. ತುಂತುರು ನಿಂತ ಹೊತ್ತಿಗೆ ಇಳಿದೆವು. ಯೂಹಾನ್ ಹುಟ್ಟಿದ ಮನೆ ಎದುರಿನ ದಿಬ್ಬದ ಮೇಲಿತ್ತು. ರಸ್ತೆ ಸುತ್ತು ಎಂದು ಬೇಲಿಯ ಗೇಟು ತೆರೆದು ಹುಲ್ಲುಗಾವಲಿಗೆ ಇಳಿದೆವು. ಕಂದುಗೆಂಪಿನ ಹಸುವೊಂದು ಹತ್ತಿರದಲ್ಲೇ ಮೇಯುತ್ತಿತ್ತು.

"ತಡಿಯೇ, ಒಂದ್ ನಮಸ್ಕಾರ ಮಾಡ್ಕೊಂಡು ಬರ್ತೀನಿ. ಹಸು ಮುಟ್ಟಿ ಎಷ್ಟು ವರ್ಷ ಆಯ್ತೋ."

ಅವಳು ಬೂಟು ಬಿಚ್ಚಿಟ್ಟು ಹೋದಳು. ಹುಲ್ಲಿನ ಮರೆಯಲ್ಲಿ ಎಳೆಗರು ಮಲಗಿದ್ದನ್ನು ಇಬ್ಬರೂ ನೋಡಿರಲಿಲ್ಲ. ಹಸುವಿನ ಬೆನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣು ಮುಚ್ಚಿತ್ತು. ಹಸು ತಲೆ ತಗ್ಗಿಸಿದ್ದನ್ನು ಕಂಡವಳು ನಾನು. ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಒಂದೇ ಗುದ್ದಿಗೆ ಸುನಂದಾ ನೆಲಕ್ಕೆ ಬಿದ್ದಳು. ಹಸು ಹಿಂದೆ ಸರಿದು ಮತ್ತೆ ತಲೆ ತಗ್ಗಿಸಿತು. ಈಗಲೂ ನನ್ನ ನಿದ್ದೆ ಒಡೆಯುವುದು ಅಲ್ಲಿಗೇ.

ಆಗ ದಿಬ್ಬದಿಂದ ಒಂದು ಕೂಗು ಬಂತು. ಹೆಂಗಸಿನ ದನಿ, ಆದರೆ ಅಷ್ಟು ಎತ್ತರದ ದನಿ ನಾನು ಕೇಳಿರಲಿಲ್ಲ. ಹಾಡಿನಂತೆ ಏರಿ, ಕಾಡಿಗೆ ತಾಗಿ, ತಿರುಗಿ ಬಂತು. ಹಸು ತಲೆ ಎತ್ತಿತು. ಇನ್ನೊಮ್ಮೆ ಕೂಗು. ಅದು ಕರುವನ್ನು ಮೂತಿಯಿಂದ ಎಬ್ಬಿಸಿಕೊಂಡು ದಿಬ್ಬ ಹತ್ತಿ ಹೋಯಿತು.

ಓಡಿ ಹೋಗಿ ಅವಳ ತಲೆ ಎತ್ತಿ ಹಿಡಿದೆ. "ಯವ್ವಾ, ಎದಿ ಒಡದಂಗಾತು," ಎಂದಳು. ಆಮೇಲೆ, "ನನ್ನ ಬೂಟ ಎಲ್ಲಿ ಅದಾವ?"

ನಾನು ಅತ್ತದ್ದು ಆಗಲೇ.

ಕೂಗಿದವರು ಬಿರ್ಗಿಟ್, ಯೂಹಾನನ ತಂಗಿಯ ಮೊಮ್ಮಗಳು, ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಅಡುಗೆಮನೆಯಲ್ಲಿ ಕೂರಿಸಿ, ಸುನಂದಾಳ ಪಕ್ಕೆಗೆ ಮಂಜುಗಡ್ಡೆ ಕಟ್ಟಿ, ಫೋನಿನಲ್ಲಿ ನರ್ಸನ್ನು ವಿಚಾರಿಸಿ, ಕಾಫಿ ಮತ್ತು ದಾಲ್ಚಿನ್ನಿ ಬನ್ನು ಇಟ್ಟರು. ಅವರು ಸ್ವೀಡಿಷಿನಲ್ಲಿ ಹೇಳಿದ್ದನ್ನು ಸುನಂದಾ ನನಗೆ ಹೇಳುತ್ತಿದ್ದಳು, ತನ್ನೂರಿನ ಮಾತಿನಲ್ಲೇ.

"ಮುಂದಿನ ಸಲ ನನಗ ಕೈ ಮುಗೀರಿ, ನಾ ಹಾಯಂಗಿಲ್ಲ ಅಂತಾಳ ಮುದುಕಿ."

ಆ ಕೂಗು ಕಾಡಿನಲ್ಲಿ ದನ ಮೇಯಿಸುತ್ತಿದ್ದ ಹೆಂಗಸರದ್ದಂತೆ; ತಾಯಿಯಿಂದ ಮಗಳಿಗೆ ಬರುವಂಥದ್ದು, ಗಂಡುಮಕ್ಕಳಿಗೆ ಕಲಿಸುತ್ತಿರಲಿಲ್ಲ. ಯೂಹಾನ್ ಮುಪ್ಪಿನಲ್ಲಿ ಒಮ್ಮೆ ಬಂದಿದ್ದನಂತೆ, ಎತ್ತರದ ಟೊಪ್ಪಿಗೆ ಹಾಕಿಕೊಂಡು. ಬೇಲಿಯ ಬಳಿ ನಿಂತು ಹಸುಗಳನ್ನು ಕೂಗಿದ. ಒಂದೂ ತಲೆ ಎತ್ತಲಿಲ್ಲ. ತಂಗಿ ಕೂಗಿದಳು, ಎಲ್ಲವೂ ಬಂದವು.

"ಅಲ್ಲಿ ಇಡೀ ಸಭಾ ಇವನ ಮಾತ ಕೇಳ್ತಿತ್ತು. ಇಲ್ಲಿ ಒಂದ ಆಕಳಾನೂ ಕೇಳಲಿಲ್ಲ ನೋಡ," ಎಂದು ಸುನಂದಾ ನಕ್ಕು, ಪಕ್ಕೆ ಹಿಡಿದುಕೊಂಡಳು.

ಆ ರಾತ್ರಿ ಊಟದಲ್ಲಿ ತಂಗಿ ಕೇಳಿದಳಂತೆ: ನೀನು ಹೋಗುವ ಮೊದಲು ಆ ನೆಲದಲ್ಲಿ ಯಾರಿದ್ದರು? ಯೂಹಾನ್ ಚಮಚ ಕೆಳಗಿಟ್ಟು, ಮಳೆ ಬರುವ ಹಾಗಿದೆ ಎಂದ. ಮಾರನೆಯ ದಿನವೇ ಹೊರಟ. ಹಸುಗಳು ಕೊಟ್ಟಿಗೆಯಲ್ಲೇ ಇದ್ದರೂ ತಂಗಿ ಬೇಲಿಯ ಬಳಿ ನಿಂತು, ಗಾಡಿ ಮರೆಯಾಗುವವರೆಗೆ ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಸುನಂದಾ ಚೀಲದಿಂದ ಪುಸ್ತಕ ತೆಗೆದು, ತಂಗಿಯ ಪ್ರಶ್ನೆಯನ್ನು ಮಾತ್ರ ಬರೆದುಕೊಂಡಳು.

ಸಂಜೆಯ ಬಸ್ಸಿಗೆಂದು ಸುತ್ತು ರಸ್ತೆಯಲ್ಲೇ ದಿಬ್ಬ ಇಳಿದೆವು. ನಮಗಾಗಿ ಬಿರ್ಗಿಟ್ ಹಸುಗಳನ್ನೆಲ್ಲ ಕೊಟ್ಟಿಗೆಗೆ ಕೂಡಿದ್ದರು. ಹುಲ್ಲುಗಾವಲು ಖಾಲಿಯಿತ್ತು. ನಾನು ಅದನ್ನು ನೋಡದೆ ನಡೆಯುತ್ತಿದ್ದೆ. ತಿರುವಿನ ಬಳಿ ಹಿಂದಿನಿಂದ ಆ ಕೂಗು ಬಂತು.

ಕತ್ತು ಹೊರಳಿಸಿದರೂ ಪಕ್ಕೆ ನೋಯುತ್ತಿದ್ದ ಸುನಂದಾ, ನನ್ನ ಭುಜ ಹಿಡಿದು ಪೂರ್ತಿ ತಿರುಗಿ ನಿಂತು, ಕೈ ಎತ್ತಿದಳು.