ವೆಂದೆಲೀನನ ನೆಲಹಾಸು

ಬೆಳಗ್ಗೆ ಕಣ್ಣು ಬಿಟ್ಟಾಗ ನಾನು ನೀರಿನಲ್ಲಿ ಮಲಗಿದ್ದೆ. ಸಾಜಾವಾ ನದಿ ದಂಡೆ ಮೀರಿ ನನ್ನ ಟೆಂಟಿಗೇ ಬಂದುಬಿಟ್ಟಿದೆ ಎಂದುಕೊಂಡು ಒಳಚಡ್ಡಿಯಲ್ಲೇ ಹೊರಗೆ ಹಾರಿದೆ. "ಪ್ರವಾಹ! ಏಳ್ರೋ, ಪ್ರವಾಹ!" ಎಂದು ಕೂಗಿದೆ. ಹುಲ್ಲುಗಾವಲಿನ ಅಷ್ಟೂ ಟೆಂಟುಗಳಿಂದ ತಲೆಗಳು ಹೊರಬಂದವು. ನದಿ ಅಲ್ಲೆಲ್ಲೋ ಇಳಿಜಾರಿನ ಕೆಳಗೆ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ಪ್ರವಾಹ ಬಂದದ್ದು ನನ್ನೊಬ್ಬನ ಟೆಂಟಿಗೆ ಮಾತ್ರ. ಪಕ್ಕದಲ್ಲಿ ಹಲ್ಲುಜ್ಜುತ್ತಿದ್ದ ಇಬ್ಬರು ಹುಡುಗಿಯರು ಬ್ರಷ್ಷನ್ನು ಹಣೆಗೆ ಏರಿಸಿ, "ಅಹೋಯ್, ಕ್ಯಾಪ್ಟನ್!" ಎಂದು ನನಗೆ ಸಲ್ಯೂಟ್ ಹೊಡೆದರು.

ಗೆಳೆಯ ವೆಂದೆಲೀನ್ ಟೀ ಲೋಟ ಹಿಡಿದು ನಿಧಾನವಾಗಿ ಬಂದ. ನನ್ನ ಟೆಂಟಿಗೆ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲ ಮುಂದೆ ಚಾಚಿಕೊಂಡಿದ್ದ ನೆಲಹಾಸಿನ ಅಂಚನ್ನು ಸತ್ತ ಇಲಿಯ ಬಾಲದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೇನು?"

"ಜಗಲಿ. ಶೂ ಬಿಡೋಕೆ ಜಾಗ ಇರ್ಲಿ ಅಂತ ಒಂಚೂರು ಹೊರಗೆ ಎಳೆದಿದ್ದೆ."

"ಜಗಲಿ ಅಲ್ಲ ಮಾರಾಯ, ಕಾಲುವೆ. ಮಳೆನೀರನ್ನ ಕೈ ಹಿಡಿದು ಒಳಗೆ ಕರೆದು ಹಾಸಿಗೆ ಕೊಟ್ಟಿದ್ದೀಯ. ಹಾಸು ಟೆಂಟಿಗಿಂತ ಒಂದು ಗೇಣು ಒಳಗೇ ಇರ್ಬೇಕು. ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ!"

ಒಲೆಯ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದ ಅವನ ಹೆಂಡತಿ ರಾದ್ಮಿಲಾ ತಲೆ ಎತ್ತದೆಯೇ ಹೇಳಿದಳು: "ಬೇಜಾರು ಮಾಡ್ಕೋಬೇಡ ಓತಾ. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನಗೂ ಅದೇ ಪಾಠ."

ವೆಂದೆಲೀನ್ ಬಸ್ ಡಿಪೋದಲ್ಲಿ ಸೀಟುಗಳಿಗೆ ಬಟ್ಟೆ ಹೊಲಿಯುವವನು. ಜಿಲ್ಲೆಯ ಅರ್ಧ ಜನ ಅವನ ಹೊಲಿಗೆಯ ಮೇಲೆ ಕೂತು ಕೆಲಸಕ್ಕೆ ಹೋಗುತ್ತಾರೆ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಈ ನದಿಯ ದಡದಲ್ಲಿ ಟೆಂಟು ಹಾಕುವವರಲ್ಲಿ ಅವನನ್ನು ಅರಿಯದವರಿಲ್ಲ. ಲಾರಿಯ ಹೊದಿಕೆಯ ಬಟ್ಟೆಗೆ ರಬ್ಬರ್ ಬಳಿಸಿ, ತಾನೇ ಹೊಲಿದುಕೊಂಡ ಹಸಿರು ನೆಲಹಾಸು ಅವನದು. ಅದನ್ನು ಹಾಸುವ ಮೊದಲು ಮಂಡಿಯೂರಿ, ಅಂಗೈಯಿಂದ ನೆಲವನ್ನು ಸವರುತ್ತಾನೆ. ಪೈನ್ ಕಾಯಿ, ಕಡ್ಡಿ, ಕಲ್ಲುಹರಳು ಒಂದೊಂದನ್ನೇ ಆರಿಸಿ ಪಕ್ಕಕ್ಕಿಡುತ್ತಾನೆ. ಅವನಿಗೆ ಆಗ ತಾನೇ ಮದುವೆಯಾಗಿದ್ದ ಕಾಲದಲ್ಲಿ ಹೀಗೆ ತಡಕುತ್ತಿದ್ದರೆ, "ಏನೋ, ಉಂಗುರ ಕಳ್ಕೊಂಡ್ಯಾ?" ಎಂದು ದಾರಿಹೋಕರು ತಾವೂ ಮಂಡಿಯೂರಿ ಹುಡುಕಲು ಬರುತ್ತಿದ್ದರು. ಅವನು ಬೇಡವೆನ್ನುತ್ತಿರಲಿಲ್ಲ. ನೆಲ ಬೇಗ ಸ್ವಚ್ಛವಾಗುತ್ತಿತ್ತು.

ಮನೆಗೆ ಬಂದವರು ಶೂ ಬಿಚ್ಚಿ ಮನೆಚಪ್ಪಲಿ ಮೆಟ್ಟುವುದು ನಮ್ಮಲ್ಲಿ ಎಲ್ಲರ ರೂಢಿ. ಅದನ್ನು ಕಾಡಿಗೂ ತಂದವನು ಇವನೊಬ್ಬನೇ. ಟೆಂಟಿನ ಬಾಗಿಲಲ್ಲಿ ಅತಿಥಿಗಳಿಗೆಂದು ಮೆತ್ತನೆಯ ಚಪ್ಪಲಿಗಳ ಸಾಲು. ಒಮ್ಮೆ ಅರಣ್ಯ ರಕ್ಷಕ, ಇಲ್ಲಿ ಬೆಂಕಿ ಹಾಕಿದವರು ಯಾರು ಎಂದು ಗದರುತ್ತಾ ಬಂದ. ಹೆಂಗಸರ ಹೂವಿನ ಚಪ್ಪಲಿ ತೊಟ್ಟು ಒಳಗೆ ಕೂತ ಮೇಲೆ ಅವನಿಗೆ ಗದರುವ ದನಿಯೇ ಸಿಗಲಿಲ್ಲ. ನಮ್ಮ ಜೊತೆ ಸಾಸೇಜು ಸುಟ್ಟುಕೊಂಡು ತಿಂದು ಹೋದ.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಒಂದಿತ್ತು: ಒದ್ದೆ ಹಾಸನ್ನು ಕಟ್ಟುವಂತಿಲ್ಲ. ಪೂರ್ತಿ ಒಣಗಬೇಕು, ರಬ್ಬರ್ ಒಂದಕ್ಕೊಂದು ಅಂಟದಂತೆ ಟಾಲ್ಕಂ ಪುಡಿ ಬಿದ್ದಿರಬೇಕು, ಆಮೇಲೆ ಕೋಲಿಗೆ ಸುತ್ತಬೇಕು. ಮಡಚುವುದಂತೂ ಅಪರಾಧ. ಅದಕ್ಕಾಗಿ ನಾವು ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದೇವೋ! ಆ ಬಸ್ಸುಗಳ ಸೀಟು ಹೊಲಿದವನೂ ಅವನೇ ಎನ್ನುವುದು ನಮ್ಮ ಸಮಾಧಾನ.

ಅವನ ಮದುವೆಯ ಕಥೆಯನ್ನು ಈ ದಡದಲ್ಲಿ ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ಮದುವೆ ಶನಿವಾರ ಹನ್ನೊಂದಕ್ಕೆ, ಪುರಭವನದಲ್ಲಿ. ಅದಕ್ಕೆ ಮುಂಚೆ ಬ್ರಹ್ಮಚರ್ಯಕ್ಕೊಂದು ಬೀಳ್ಕೊಡುಗೆ ಎಂದು ನಾವು ಗೆಳೆಯರು ಅವನನ್ನು ದೋಣಿ ಹತ್ತಿಸಿ ಇಲ್ಲಿಗೆ ತಂದೆವು. ಶುಕ್ರವಾರ ಮಳೆ ಹಿಡಿಯಿತು. ನಾವು ಟೆಂಟುಗಳನ್ನು ಹಸಿಹಸಿಯಾಗಿಯೇ ಚೀಲಕ್ಕೆ ತುರುಕಿ ಹೊರಟೆವು. ಅವನು ಏಳಲಿಲ್ಲ. "ನೀವು ನಡೀರಿ. ಸಂಜೆ ಮಳೆ ಬಿಡುತ್ತೆ, ಒಣಗಿಸ್ಕೊಂಡು ಬರ್ತೀನಿ. ಹೊಸ ಹಾಸು ಕಣ್ರೋ," ಎಂದ. ಮಳೆ ಬಿಡಲಿಲ್ಲ.

ಶನಿವಾರ ಹನ್ನೊಂದು ಹೊಡೆದಾಗ ಪುರಭವನದ ಮೆಟ್ಟಿಲ ಮೇಲೆ ಮದುಮಗಳಿದ್ದಳು, ಹೂಗುಚ್ಛವಿತ್ತು, ಸಾಕ್ಷಿಯಾಗಿ ನಾನಿದ್ದೆ. ಮದುಮಗನಿರಲಿಲ್ಲ. ರಾದ್ಮಿಲಾಳ ಅಪ್ಪ ಹ್ರುಬೆಶ್ ಸ್ಟೇಷನ್ ಮಾಸ್ಟರು. ಗಡಿಯಾರವನ್ನು ಕಿಸೆಯಿಂದ ತೆಗೆದವರು ಮತ್ತೆ ಒಳಗಿಡಲಿಲ್ಲ. "ನನ್ನ ಸ್ಟೇಷನ್‌ಗೆ ಕಲ್ಲಿದ್ದಲು ಗಾಡಿ ಕೂಡ ಇವನಿಗಿಂತ ಮೊದಲು ಬರುತ್ತೆ," ಎಂದರು. ನಮ್ಮ ಗುಂಪಿನವನೊಬ್ಬ, "ಪಾಪ, ಹಾಸು ಒಣಗಿರ್ಲಿಕ್ಕಿಲ್ಲ," ಎಂದುಬಿಟ್ಟ. ಅಲ್ಲಿಗೆ ಮುಗಿಯಿತು. ಆ ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು, ನಗುವಾಗಿ ಮೇಲಕ್ಕೆ ಬಂತು. ರಾದ್ಮಿಲಾ ನಗಲಿಲ್ಲ.

ಮುಂದಿನ ಜೋಡಿಯನ್ನು ಒಳಗೆ ಕರೆಯುವ ಹೊತ್ತಿಗೆ ವೆಂದೆಲೀನ್ ಬಂದ. ಮಂಡಿಯವರೆಗೆ ಕೆಸರು, ಬಗಲಲ್ಲಿ ಗಂಟು. "ಕಾಲುಸೇತುವೆ ಮುಳುಗಿತ್ತು. ಸುತ್ತು ಹಾಕ್ಕೊಂಡು ಬಂದೆ," ಎಂದ.

"ಹೌದೌದು," ಎಂದರು ಹ್ರುಬೆಶ್. "ಸೇತುವೆ ಒಣಗ್ಲಿ ಅಂತ ಕಾಯ್ತಿದ್ದೆ, ಅಲ್ವೇನಪ್ಪಾ?"

ಜನ ಬಿದ್ದು ಬಿದ್ದು ನಕ್ಕರು. ಅವನು ಗಂಟನ್ನು ಬಾಗಿಲ ಪಕ್ಕಕ್ಕಿಟ್ಟು ಒಳಗೆ ನಡೆದ. ಮದುವೆಯಾಯಿತು, ಊಟವಾಯಿತು, ಕುಣಿತ ಮೂರು ದಿನ ನಡೆಯಿತು. ಹ್ರುಬೆಶ್ ಈಗಿಲ್ಲ, ಆ ಗೆಳೆಯರಲ್ಲೂ ಅರ್ಧ ಜನ ಇಲ್ಲ. 'ಮೊದಲು ನೆಲಹಾಸು, ಆಮೇಲೆ ರಾದ್ಮಿಲಾ' ಎಂಬ ಮಾತು ಮಾತ್ರ ಉಳಿಯಿತು. ಅವಳೂ ಅದನ್ನು ಹೇಳಿಕೊಂಡು ನಗುವುದನ್ನು ಕಲಿತಳು. ಒಮ್ಮೆ ಮಾತ್ರ, ನದಿಯಲ್ಲಿ ಪಾತ್ರೆ ತೊಳೆಯುತ್ತಾ ನನ್ನ ಹತ್ತಿರ ಹೇಳಿದಳು: "ಆ ಮೆಟ್ಟಿಲು ನೆನಪಾದ್ರೆ ಈಗ್ಲೂ ಅವಮಾನ ಆಗುತ್ತೆ ಕಣೋ. ಒಂದು ತುಂಡು ಹಾಸುಬಟ್ಟೆಗೋಸ್ಕರ ಕಾದೆನಲ್ಲ ಅಂತ."

"ಅವನನ್ನೇ ಕೇಳ್ಬಾರ್ದಿತ್ತಾ?"

"ಕೇಳೋದೇನು? ಊರಿಗೇ ಗೊತ್ತಲ್ಲ."

ಈ ಬೇಸಿಗೆಯಲ್ಲಿ ವೆಂದೆಲೀನನ ಮಗಳು ಅಪ್ಪ ಅಮ್ಮನಿಗೊಂದು ಹೊಸ ನೈಲಾನ್ ಟೆಂಟು ಕೊಡಿಸಿದ್ದಾಳೆ. ಅದರಲ್ಲಿ ನೆಲಹಾಸು ಟೆಂಟಿನ ಜೊತೆಗೇ ಹೊಲಿದು ಬರುತ್ತದೆ. ಹಳೆಯದನ್ನು ಹೋಗುವಾಗ ಕಸದ ಡಬ್ಬಿಗೆ ಹಾಕಬೇಕೆಂದು ರಾದ್ಮಿಲಾ ಹಟ ಹಿಡಿದಿದ್ದಳು. "ಮೂವತ್ತು ವರ್ಷ ಸವತಿ ಜೊತೆ ಬಾಳಿದ್ದೀನಿ, ಸಾಕು," ಎಂದಳು. ವೆಂದೆಲೀನ್ ಸರಿ ಎಂದ. ಆದರೆ ನನ್ನ ಪ್ರವಾಹ ಇಂಗಿದ ಮೇಲೆ ನೋಡಿದರೆ, ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಹಳೆಯದನ್ನೇ ತೊಳೆಯಲು ಕೂತಿದ್ದಾನೆ.

"ಬಿಸಾಡೋದನ್ನ ಯಾಕೋ ತೊಳೀತೀಯಾ?" ಎಂದೆ.

"ಕೊಳೆ ಸಮೇತ ಬಿಸಾಡೋಕಾಗುತ್ತಾ?"

ಯಾವಾಗಲೂ ಒಬ್ಬನೇ ತೊಳೆಯುವವನು. ಬೇರೆಯವರಿಗೆ ಬ್ರಷ್ಷಿನಿಂದ ಉಜ್ಜುವ ಚಟ, ರಬ್ಬರ್ ಕಿತ್ತು ಬರುತ್ತೆ ಎಂದು ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಈ ಸಲ ಮಂಡಿನೋವು. ಹಾಗಾಗಿ ಸ್ಪಂಜು ನನ್ನ ಕೈಗೆ ಬಂತು. ಮೆತ್ತಿಕೊಂಡಿದ್ದ ಪೈನ್ ಮರದ ಅಂಟಿನ ಮೇಲೆ ತಣ್ಣೀರು ಸುರಿದು, ಗಟ್ಟಿಯಾದ ಮೇಲೆ ಮರದ ಸೌಟಿನ ಹಿಡಿಯಿಂದ ಎಬ್ಬಿಸಿದೆ. ಮೆದು ಸೋಪಿನ ನೀರಲ್ಲಿ ಒರೆಸಿದೆ. ಸೈಕಲ್ ಟ್ಯೂಬಿನ ತೇಪೆಗಳ ಸುತ್ತ ಎಳೆಮಗುವಿನ ಕಿವಿ ಒರೆಸಿದ ಹಾಗೆ ಒರೆಸಿದೆ. "ಮೆಲ್ಲಗೆ, ಮೆಲ್ಲಗೆ! ಅದೇನು ನಿಮ್ಮನೆ ಬಾಣಲೆನಾ?" ಎಂದು ಕುರ್ಚಿಯಿಂದ ಬೈಗುಳ ಬರುತ್ತಲೇ ಇತ್ತು. ಬಿಸಿಲು ಬಿದ್ದರೆ ರಬ್ಬರ್ ಬಿರಿಯುತ್ತದೆ ಎಂದು ನೆರಳಲ್ಲಿ ಒಣಹಾಕಿದೆ. ಕೊನೆಗೆ ಅಡಿಭಾಗಕ್ಕೆ ಪುಡಿ ಹಾಕೋಣವೆಂದು ಮಗುಚಿದೆ.

ಅಡಿಯಲ್ಲಿ ಕಪ್ಪು ಕಲೆಗಳಿದ್ದವು. ಬೂಷ್ಟು ತಿಂದ ಕಲೆಗಳು. ಎಲ್ಲೆಂದರಲ್ಲಿ ಅಲ್ಲ, ಗೆರೆ ಹಾಕಿದ ಹಾಗೆ ಉದ್ದಕ್ಕೂ ಅಡ್ಡಕ್ಕೂ, ಇಸ್ತ್ರಿ ಮಾಡಿದ ಕರವಸ್ತ್ರ ಬಿಡಿಸಿದಾಗ ಕಾಣುವ ಚೌಕಗಳಂತೆ.

"ಅಯ್ಯೋ ವೆಂದಾ! ಇದನ್ನ ಯಾರೋ ಒದ್ದೆಯಲ್ಲೇ ಕಟ್ಟಿದ್ದಾರಲ್ಲೋ! ಅದೂ ಸುತ್ತಿಲ್ಲ, ಮಡಚಿದ್ದಾರೆ!"

ಅವನು ಟೀ ಕುಡಿದ.

"ನಾನೇ," ಎಂದ.

"ನೀನಾ? ಯಾವಾಗ?"

"ಮದುವೆ ದಿನ. ಬೆಳಕು ಹರಿದ್ರೂ ಮಳೆ ನಿಲ್ಲಲಿಲ್ಲ. ತಡ ಆಗುತ್ತೆ ಅಂತ ಹಾಗೇ ಮಡಚ್ಕೊಂಡು ಓಡಿದೆ. ಆಮೇಲೆ ಸೇತುವೆ ನೋಡಿದ್ರೆ ಮುಳುಗಿತ್ತು. ಹೇಳಿದ್ನಲ್ಲ ಅವತ್ತೇ. ಮೂರು ದಿನ ನೀವು ಕುಣಿದ್ರಿ, ಇದು ಗಂಟಿನೊಳಗೇ ಕೊಳೀತು."

ಒಲೆಯ ಹತ್ತಿರ ಆಲೂಗಡ್ಡೆ ಸುಲಿಯುವ ಸದ್ದು ನಿಂತಿತ್ತು. ರಾದ್ಮಿಲಾ ಎದ್ದು ಬಂದಳು. ಹಾಸಿನ ಅಂಚಿನಲ್ಲಿ ಮಂಡಿಯೂರಿ, ಒಂದು ಕಪ್ಪು ಗೆರೆಯ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಗಂಡನ ಮುಖ ನೋಡಲಿಲ್ಲ. ನನ್ನ ಕೈಯಿಂದ ಪುಡಿಯ ಡಬ್ಬಿ ಕಿತ್ತುಕೊಂಡು, ಒಂದೇ ಒಂದು ಮೂಲೆಯನ್ನೂ ಬಿಡದೆ ಪುಡಿ ಉದುರಿಸತೊಡಗಿದಳು. ಕಸದ ಡಬ್ಬಿಗೆ ಹೋಗುವ ವಸ್ತುವಿಗೆ ಯಾರೂ ಅಷ್ಟು ಪುಡಿ ಹಾಕುವುದಿಲ್ಲ. ನಾನು ಸುತ್ತುವ ಕೋಲು ಹುಡುಕಿ ತಂದೆ.

"ಅಲ್ಲ ಕಣೋ," ಎಂದೆ, ತಡೆಯಲಾಗದೆ. "ಇಷ್ಟು ವರ್ಷ ಊರೆಲ್ಲ ನಗ್ತಿದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

ವೆಂದೆಲೀನ್ ಲೋಟದ ತಳದಲ್ಲಿದ್ದ ಟೀ ಸೊಪ್ಪನ್ನು ಹುಲ್ಲಿಗೆ ಚೆಲ್ಲಿದ.

"ಹೇಳಿದ್ರೆ ನೀವೆಲ್ಲ ಒದ್ದೆಯಲ್ಲೇ ಮಡಚೋಕೆ ಶುರು ಮಾಡ್ತಿದ್ರಿ."